ಅಭಿಮಾನವಿದ್ದೂ ತಟಸ್ಥವಾಗಿ ಬರೆಯುವುದು: ಕನ್ನಡ ವಿಕಿಪೀಡಿಯದ ಸಂಪಾದಕರಿಗೆ ಒಂದು ಮಾರ್ಗದರ್ಶಿ

ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಬರುವವರಲ್ಲಿ ಹೆಚ್ಚಿನವರನ್ನು ಕರೆತರುವುದು ಯಾವುದೋ ಒಂದರ ಮೇಲಿನ ಪ್ರೀತಿ. ಒಬ್ಬರಿಗೆ ತಮ್ಮೂರಿನ ದೇವಸ್ಥಾನ, ಇನ್ನೊಬ್ಬರಿಗೆ ರಾಜ್‌ಕುಮಾರ್ ಅವರ ಚಿತ್ರಗಳು, ಮತ್ತೊಬ್ಬರಿಗೆ ಪಶ್ಚಿಮ ಘಟ್ಟದ ಕಪ್ಪೆಗಳು. ನನ್ನನ್ನು ಕರೆತಂದದ್ದು ಬಡಗುತಿಟ್ಟಿನ ಯಕ್ಷಗಾನ. ಕರಾವಳಿಯ ಯಕ್ಷಗಾನದಲ್ಲಿ ಉತ್ತರದ ಶೈಲಿ ಬಡಗುತಿಟ್ಟು, ದಕ್ಷಿಣದ ಶೈಲಿ ತೆಂಕುತಿಟ್ಟು. ಕುಂದಾಪುರದ ಕಡೆಯ ಗದ್ದೆ ಬಯಲುಗಳಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದ ನಾನು ಉತ್ಸಾಹದಿಂದ ಬರೆದ ಮೊದಲ ಲೇಖನದಲ್ಲಿ ಬಡಗುತಿಟ್ಟಿಗೆ ಎಂಟು ಪ್ಯಾರಾಗಳನ್ನೂ ತೆಂಕುತಿಟ್ಟಿಗೆ ಎರಡು ಸಾಲುಗಳನ್ನೂ ಕೊಟ್ಟಿದ್ದೆ. ಪುತ್ತೂರಿನ ಕಡೆಯ ಸಂಪಾದಕರೊಬ್ಬರು ಚರ್ಚೆ ಪುಟದಲ್ಲಿ, ಈ ಲೇಖನವನ್ನು ನಂಬಿದರೆ ತಾವು ಚಿಕ್ಕಂದಿನಿಂದ ನೋಡಿದ ಆಟ ಯಕ್ಷಗಾನವೇ ಹೌದೋ ಅಲ್ಲವೋ ಎಂಬ ಸಂಶಯ ಬರುತ್ತದೆ ಎಂದು ಬಹಳ ಮರ್ಯಾದೆಯಿಂದ ಬರೆದರು. ನಾನು ಬರೆದದ್ದರಲ್ಲಿ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ. ಎಲ್ಲ ವಾಕ್ಯಗಳೂ ನಿಜವಾಗಿದ್ದು ಲೇಖನ ಮಾತ್ರ ಒಂದು ಕಡೆಗೆ ವಾಲಿತ್ತು. ಈ ವಾಲುವಿಕೆಯನ್ನು ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದನ್ನು, ಹೊಸದಾಗಿ ಸಂಪಾದನೆಗೆ ಕೈಹಾಕಿರುವವರಿಗೆ ಉಪಯೋಗವಾಗುವಂತೆ, ನಾನು ಕಲಿತ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ತಟಸ್ಥ ದೃಷ್ಟಿಕೋನ ಎಂಬುದು 2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯದ ಮೂಲ ನಿಯಮಗಳಲ್ಲೊಂದು. ಅದರ ತಿರುಳು ಇಷ್ಟು: ಒಂದು ವಿಷಯದ ಬಗ್ಗೆ ನಂಬಲರ್ಹವಾದ ಪ್ರಕಟಿತ ಆಕರಗಳಲ್ಲಿ ಯಾವ ಯಾವ ಗಣನೀಯ ಅಭಿಪ್ರಾಯಗಳಿವೆಯೋ ಅವೆಲ್ಲವನ್ನೂ, ಆ ಆಕರಗಳಲ್ಲಿ ಅವಕ್ಕೆ ಇರುವ ತೂಕಕ್ಕೆ ತಕ್ಕಂತೆ, ಸಂಪಾದಕನ ತೀರ್ಪನ್ನು ಬೆರೆಸದೆ ಓದುಗರ ಮುಂದಿಡಬೇಕು. ಸಂಪಾದಕನಿಗೆ ಅಭಿಪ್ರಾಯವೇ ಇರಬಾರದೆಂದು ನಿಯಮ ಹೇಳುವುದಿಲ್ಲ. ಅಭಿಪ್ರಾಯವಿಲ್ಲದವರು ರಾತ್ರಿ ಹನ್ನೊಂದು ಗಂಟೆಗೆ ಕುಳಿತು, ಒಂದು ರೂಪಾಯಿ ಪ್ರತಿಫಲವಿಲ್ಲದೆ, ಒಂದು ಇಸವಿ ಸರಿಯೋ ತಪ್ಪೋ ಎಂದು ಮೂರು ಪುಸ್ತಕಗಳನ್ನು ತಿರುವಿಹಾಕುವುದೂ ಇಲ್ಲ.

ಇಂಗ್ಲಿಷಿನಲ್ಲಿ ಸಂಪಾದಕರ ದೊಡ್ಡ ಪಡೆಯೇ ಇರುವುದರಿಂದ ಪ್ರಮುಖ ಪುಟವೊಂದರಲ್ಲಿ ಪಕ್ಷಪಾತದ ವಾಕ್ಯ ಸೇರಿದರೆ ಅದು ಕೆಲವೇ ಗಂಟೆಗಳಲ್ಲಿ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಆದರೆ ಅವನ್ನು ಕಾಯುವ ಕಣ್ಣುಗಳು ಬಹಳ ಕಡಿಮೆ. ಇಲ್ಲಿ ನೀವು ಬರೆದ ವಾಕ್ಯ ಐದು ವರ್ಷ, ಹತ್ತು ವರ್ಷ ಹಾಗೆಯೇ ಉಳಿಯಬಹುದು. ಶಾಲೆಯ ಮಕ್ಕಳು ಅದನ್ನೇ ಪ್ರಬಂಧಕ್ಕೆ ಇಳಿಸಿಕೊಳ್ಳುತ್ತಾರೆ, ಪತ್ರಿಕೆಗಳು ಅದನ್ನೇ ಎತ್ತಿಕೊಳ್ಳುತ್ತವೆ, ಆಮೇಲೆ ಯಾರೋ ಅದೇ ಪತ್ರಿಕೆಯನ್ನು ಉಲ್ಲೇಖವಾಗಿ ತಂದು ನಿಮ್ಮ ವಾಕ್ಯದ ಮುಂದೆಯೇ ಜೋಡಿಸುತ್ತಾರೆ. ಆದುದರಿಂದ ನಂತರ ಯಾರಾದರೂ ತಿದ್ದುತ್ತಾರೆಂದು ಕಾಯದೆ ಬರೆಯುವಾಗಲೇ ಎಚ್ಚರವಹಿಸುವ ಅಗತ್ಯ ಕನ್ನಡದಲ್ಲಿ ಹೆಚ್ಚು.

ಮೊದಲ ಹೆಜ್ಜೆ: ನಿಮ್ಮ ಆಸಕ್ತಿಗಳನ್ನು ಬರೆದಿಟ್ಟುಕೊಳ್ಳಿ

ಖಾತೆ ತೆರೆದ ಕೂಡಲೇ ನಿಮಗೊಂದು ಸದಸ್ಯ ಪುಟ ಸಿಗುತ್ತದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ತಮ್ಮ ಪದವಿ ಪ್ರಶಸ್ತಿಗಳ ವಿವರದಿಂದ ತುಂಬುತ್ತಾರೆ. ಅದರ ಬದಲು, ನೀವು ಯಾವ ಭಾಗದವರು, ಮನೆಮಾತು ಯಾವುದು, ಯಾವ ವಿಷಯಗಳನ್ನು ಚೆನ್ನಾಗಿ ಬಲ್ಲಿರಿ, ಯಾವುದರ ಅಭಿಮಾನಿ, ಯಾವುದರ ಬಗ್ಗೆ ನಿಮಗೆ ಅಸಮಾಧಾನವಿದೆ ಎಂಬುದನ್ನು ನಾಲ್ಕಾರು ವಾಕ್ಯಗಳಲ್ಲಿ ಬರೆಯಿರಿ. ನನ್ನ ಪುಟದಲ್ಲಿ ಬಡಗುತಿಟ್ಟಿನ ಅಭಿಮಾನಿ ಎಂದು ಮೊದಲ ಸಾಲಿನಲ್ಲಿಯೇ ಇದೆ. ಅದನ್ನು ಓದಿದವರು ನನ್ನ ಯಕ್ಷಗಾನ ಲೇಖನಗಳನ್ನು ಸ್ವಲ್ಪ ಹೆಚ್ಚು ಅನುಮಾನದಿಂದ ಪರಿಶೀಲಿಸುತ್ತಾರೆ, ಮತ್ತು ಆ ಅನುಮಾನದಿಂದ ಲೇಖನಗಳಿಗೆ ಒಳ್ಳೆಯದೇ ಆಗಿದೆ. ವಿಳಾಸ, ದೂರವಾಣಿ ಸಂಖ್ಯೆ, ಮಕ್ಕಳ ಹೆಸರು ಇತ್ಯಾದಿಗಳನ್ನು ಮಾತ್ರ ಅಲ್ಲಿ ಹಾಕಬೇಡಿ. ಅದು ಜಗತ್ತಿನ ಯಾರು ಬೇಕಾದರೂ ಓದಬಹುದಾದ ಪುಟ. ನಿಜವಾದ ಹೆಸರು ಕೊಡುವ ಅಗತ್ಯವೂ ಇಲ್ಲ.

ಆಸಕ್ತಿ ಬೇರೆ, ಹಿತಾಸಕ್ತಿ ಬೇರೆ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಯಕ್ಷಗಾನದ ಮೇಲಿನ ಪ್ರೀತಿ ಆಸಕ್ತಿ. ನಿಮ್ಮ ಸೋದರಮಾವ ನಡೆಸುವ ಮೇಳ, ನೀವು ಸಂಬಳ ಪಡೆಯುವ ಕಾಲೇಜು, ನಿಮ್ಮ ಗುರುಗಳು, ನೀವೇ ಬರೆದ ಕವನ ಸಂಕಲನ ಇವೆಲ್ಲ ಹಿತಾಸಕ್ತಿಯ ವ್ಯಾಪ್ತಿಗೆ ಬರುತ್ತವೆ. ಇಂತಹ ಲೇಖನಗಳನ್ನು ನೇರವಾಗಿ ತಿದ್ದದಿರುವುದೇ ಉತ್ತಮ. ತಪ್ಪು ಕಂಡರೆ ಆ ಲೇಖನದ ಚರ್ಚೆ ಪುಟದಲ್ಲಿ ನಿಮ್ಮ ಸಂಬಂಧವನ್ನು ತಿಳಿಸಿ, ಆಕರವನ್ನೂ ಕೊಟ್ಟು, ಬೇರೆಯವರು ತಿದ್ದಲು ಬಿಡಿ. ಹಣ ಪಡೆದು ಸಂಪಾದಿಸುವವರು ಅದನ್ನು ಬಹಿರಂಗಪಡಿಸುವುದು 2014ರ ಜೂನ್‌ನಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಬಂಧನೆಗಳ ಪ್ರಕಾರ ಕಡ್ಡಾಯವಾಗಿದೆ.

ಎರಡನೆಯ ಹೆಜ್ಜೆ: ಬರೆಯುವ ಮೊದಲು ಆಕರಗಳನ್ನು ತೂಗಿ ನೋಡಿ

ಮೊದಲು ಬರೆದು ಆಮೇಲೆ ಉಲ್ಲೇಖ ಹುಡುಕುವವರು ತಮಗೆ ಬೇಕಾದದ್ದನ್ನು ಹೇಳುವ ಆಕರವನ್ನೇ ಹುಡುಕುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಿ. ವಿಷಯದ ಬಗ್ಗೆ ಸಿಗುವ ಮೂರು ನಾಲ್ಕು ಆಕರಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಕನಿಷ್ಠ ಒಂದಾದರೂ ನಿಮಗೆ ಹಿತವಾಗದ ಮಾತನ್ನು ಹೇಳುವಂಥದಾಗಿರುವಂತೆ ನೋಡಿಕೊಂಡು, ಆ ನಂತರ ಲೇಖನದ ಚೌಕಟ್ಟನ್ನು ಹಾಕಿ.

ಕನ್ನಡದ ಆಕರಗಳಿಗೆ ಅವುಗಳದೇ ಆದ ಸ್ವಭಾವವಿದೆ. ಸಾಹಿತಿಗಳ, ಕಲಾವಿದರ, ಮಠಾಧೀಶರ ಬಗ್ಗೆ ಸಾಮಾನ್ಯವಾಗಿ ಸಿಗುವುದು ಅಭಿನಂದನ ಗ್ರಂಥ. ಅಭಿನಂದಿಸುವುದಕ್ಕಾಗಿಯೇ ಹುಟ್ಟಿದ ಪುಸ್ತಕದಲ್ಲಿ ಟೀಕೆಯನ್ನು ನಿರೀಕ್ಷಿಸಲಾಗದು. ಅದರಿಂದ ಹುಟ್ಟಿದ ದಿನ, ಓದಿದ ಶಾಲೆ, ಕೃತಿಗಳ ಪಟ್ಟಿಯಂತಹ ವಿವರಗಳನ್ನು ತೆಗೆದುಕೊಳ್ಳಿ, ಹೊಗಳಿಕೆಯನ್ನು ಅಲ್ಲಿಯೇ ಬಿಡಿ. ಮುನ್ನುಡಿ, ಬೆನ್ನುಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದೇವಸ್ಥಾನದ ಸ್ಥಳಪುರಾಣವನ್ನು ಆ ಊರಿನ ನಂಬಿಕೆ ಏನೆಂದು ಹೇಳುವುದಕ್ಕೆ ಬಳಸಬಹುದು, ಕಟ್ಟಡದ ಕಾಲವನ್ನು ಹೇಳುವುದಕ್ಕೆ ಬಳಸಲಾಗದು. ಕಾಲನಿರ್ಣಯಕ್ಕೆ ಶಾಸನಗಳನ್ನೇ ಆಶ್ರಯಿಸಬೇಕು, ಅದಕ್ಕೆ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಬಂದಿದ್ದು, ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯವು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದು ನಮ್ಮಂತಹವರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಅದರ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಅಲ್ಲಿನ ಜನಸಂಖ್ಯೆ, ಜಿಲ್ಲೆಗಳ ಎಲ್ಲೆ, ಕೆಲವು ಸಮುದಾಯಗಳನ್ನು ಕುರಿತ ಭಾಷೆ ಎಲ್ಲವೂ ಆ ಕಾಲದವು ಎಂಬುದನ್ನು ಮರೆತು ಇಡಿಯಾಗಿ ನಕಲು ಮಾಡಿದರೆ ಹಳೆಯ ದೃಷ್ಟಿಯೇ ಇಂದಿನ ಸತ್ಯವಾಗಿ ಕುಳಿತುಬಿಡುತ್ತದೆ.

ಪಂಡಿತರಲ್ಲಿಯೇ ಭಿನ್ನಾಭಿಪ್ರಾಯವಿದ್ದಾಗ ಏನು ಮಾಡಬೇಕೆಂಬುದನ್ನು ನಾನು ಕಲಿತದ್ದು ಪಾರ್ತಿಸುಬ್ಬನ ಲೇಖನದಿಂದ. ತೆಂಕುತಿಟ್ಟಿನ ನೆಲವಾದ ಕುಂಬಳೆ ಸೀಮೆಯ ಈ ಯಕ್ಷಗಾನ ಕವಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣದ ಪ್ರಸಂಗಗಳು ಅವನವೇ ಎಂದು ಮುಳಿಯ ತಿಮ್ಮಪ್ಪಯ್ಯ ಅವರು ವಾದಿಸಿದರೆ, ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ಬಡಗಿನವನಾದ ನನ್ನ ಮನಸ್ಸು ಸಹಜವಾಗಿ ಕಾರಂತರ ಕಡೆಗಿತ್ತು, ಮತ್ತು ಅವರ ಹೆಸರಿಗೆ ಇರುವ ತೂಕವನ್ನು ಬಳಸಿಕೊಂಡು ಚರ್ಚೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ಸುಲಭವೂ ಆಗಿತ್ತು. ಸಂಪಾದಕನ ಕೆಲಸ ಅದಾಗಿರಲಿಲ್ಲ. ಯಾರು ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು, ಮುಂದಿನ ವಿದ್ವಾಂಸರು ಅದನ್ನು ಹೇಗೆ ಸ್ವೀಕರಿಸಿದರು ಎಂಬುದನ್ನು ಹೆಸರು ಹಿಡಿದು ಬರೆದು, ತೀರ್ಪನ್ನು ಓದುಗರಿಗೆ ಬಿಡುವುದಷ್ಟೇ ಆಗಿತ್ತು. ಹಾಗೆ ಬರೆದಾಗ ಲೇಖನ ಉದ್ದವಾಯಿತು, ಮೊದಲಿಗಿಂತ ಹೆಚ್ಚು ಕುತೂಹಲಕರವೂ ಆಯಿತು.

ಮೂರನೆಯ ಹೆಜ್ಜೆ: ಕ್ರಿಯಾಪದದ ಕೊನೆಯನ್ನು ಪರೀಕ್ಷಿಸಿ

ಇಂಗ್ಲಿಷಿನ ಮಾರ್ಗದರ್ಶಿಗಳು ವಿಶೇಷಣಗಳ ಬಗ್ಗೆ ಎಚ್ಚರಿಸುತ್ತವೆ. ನಮಗೂ ಆ ಎಚ್ಚರ ಬೇಕು: ವರಕವಿ, ನಟಸಾರ್ವಭೌಮ, ಕನ್ನಡಾಂಬೆಯ ಹೆಮ್ಮೆಯ ಪುತ್ರ, ಅಪ್ರತಿಮ, ಅಮೋಘ ಇವು ಲೇಖನದ ಸ್ವಂತ ಮಾತಾಗಿ ಬರಕೂಡದು. ಆದರೆ ಕನ್ನಡದಲ್ಲಿ ಪಕ್ಷಪಾತ ವಿಶೇಷಣಕ್ಕಿಂತ ಆಳದಲ್ಲಿ, ಕ್ರಿಯಾಪದದ ಪ್ರತ್ಯಯದಲ್ಲಿ ಅಡಗಿರುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ ನಾವು ‘ಹುಟ್ಟಿದನು’, ‘ಹುಟ್ಟಿದಳು’, ‘ಹುಟ್ಟಿದರು’ ಎಂಬವುಗಳಲ್ಲಿ ಒಂದನ್ನು ಆರಿಸಲೇಬೇಕು, ಮತ್ತು ಆ ಆಯ್ಕೆಯಲ್ಲಿಯೇ ಗೌರವ ಎಷ್ಟೆಂಬುದು ನಿರ್ಧಾರವಾಗಿಬಿಡುತ್ತದೆ.

ಮೈಸೂರಿನ ಇತಿಹಾಸದ ಲೇಖನಗಳನ್ನೇ ತೆಗೆದುಕೊಳ್ಳಿ. ಒಂದೇ ಪುಟದಲ್ಲಿ, ಒಂದೇ ಶತಮಾನದ ಅಂತರದೊಳಗೆ, ಟಿಪ್ಪು ಸುಲ್ತಾನ್ ‘ಆಳಿದನು’, ಮುಮ್ಮಡಿ ಕೃಷ್ಣರಾಜ ಒಡೆಯರ್ ‘ಆಳಿದರು’ ಎಂದು ಬರೆದಿರುವುದನ್ನು ನಾನು ಅನೇಕ ಬರಹಗಳಲ್ಲಿ ನೋಡಿದ್ದೇನೆ. ಬರೆದವರಿಗೆ ಕೆಟ್ಟ ಉದ್ದೇಶ ಇರಲಾರದು, ತಮ್ಮ ಕಿವಿಗೆ ರೂಢಿಯಾದದ್ದನ್ನು ಅವರು ಬರೆದಿದ್ದಾರೆ. ಆದರೂ ಓದುಗನಿಗೆ ಯಾರ ಪರವಾಗಿ ನಿಲ್ಲಬೇಕೆಂಬುದನ್ನು ಆ ಎರಡು ಪ್ರತ್ಯಯಗಳು ಸದ್ದಿಲ್ಲದೆ ಹೇಳಿಕೊಟ್ಟಿರುತ್ತವೆ. ವಚನಕಾರರ ಲೇಖನಗಳಲ್ಲಿ ಬಸವಣ್ಣನವರು ‘ಬಂದರು’, ಅಕ್ಕಮಹಾದೇವಿ ‘ಬಂದಳು’ ಎಂಬ ಬಳಕೆಯೂ ಹೀಗೆಯೇ. ಅಪರಾಧ ಪ್ರಕರಣಗಳ ಲೇಖನಗಳಲ್ಲಿಯಂತೂ ಆರೋಪಿ ಸಾಬೀತಿಗೆ ಮೊದಲೇ ‘ಅವನು’ ಆಗಿರುತ್ತಾನೆ.

ಇದಕ್ಕೆ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಕದಂಬ, ಚಾಲುಕ್ಯ, ಹೊಯ್ಸಳರಂತಹ ಹಿಂದಿನ ಅರಸರಿಗೆ ಏಕವಚನ ಬಳಸುವುದು ಕನ್ನಡದ ಇತಿಹಾಸ ಬರವಣಿಗೆಯಲ್ಲಿ ನೆಲೆಗೊಂಡ ಪದ್ಧತಿಯಾಗಿದ್ದು, ಅದನ್ನು ಮುರಿಯುವ ಅಗತ್ಯವಿಲ್ಲ. ಆಧುನಿಕ ಕಾಲದವರಿಗೆಲ್ಲ, ಅವರು ಮಂತ್ರಿಯಾಗಿರಲಿ, ಕೂಲಿಕಾರರಾಗಿರಲಿ, ಆರೋಪಿಯಾಗಿರಲಿ, ಬಹುವಚನವನ್ನೇ ಬಳಸುತ್ತೇನೆ. ಇವೆರಡರ ನಡುವಿನ ಕಾಲಕ್ಕೆ ಒಂದೇ ಅಳತೆ: ಒಂದು ಲೇಖನದೊಳಗೆ ಸಮಾನ ಸ್ಥಾನದಲ್ಲಿರುವ ಎಲ್ಲರಿಗೂ ಒಂದೇ ರೂಪ. ಯಾವುದನ್ನು ಹಾಕಿದರೂ ಕಿರಿಕಿರಿ ಎನಿಸಿದರೆ ವಾಕ್ಯವನ್ನು ಬದಲಾಯಿಸಲು ಕನ್ನಡ ಅವಕಾಶ ಕೊಡುತ್ತದೆ. ‘ಟಿಪ್ಪು ಸುಲ್ತಾನ್ ಆಳ್ವಿಕೆಯ ಅವಧಿ 1782ರಿಂದ 1799’ ಎಂದರೆ ಪ್ರತ್ಯಯದ ಪ್ರಶ್ನೆಯೇ ಏಳುವುದಿಲ್ಲ. ಶ್ರೀ, ಶ್ರೀಮತಿ, ಪೂಜ್ಯ, ಪರಮಪೂಜ್ಯ ಎಂಬವನ್ನು ಲೇಖನದ ಹೆಸರಿನಲ್ಲಿಯೂ ಒಡಲಿನಲ್ಲಿಯೂ ಬಿಡುವುದು ಒಳ್ಳೆಯದು. ‘ಅವರು’ ಎಂಬುದರಲ್ಲಿಯೇ ಸಾಕಷ್ಟು ಗೌರವವಿದೆ.

ಸಾವನ್ನು ಹೇಳುವ ಮಾತುಗಳು ಇನ್ನೊಂದು ಸೂಕ್ಷ್ಮ ಜಾಗ. ಸ್ವರ್ಗಸ್ಥರಾದರು, ಲಿಂಗೈಕ್ಯರಾದರು, ಬೃಂದಾವನಸ್ಥರಾದರು, ದೈವಾಧೀನರಾದರು, ಹುತಾತ್ಮರಾದರು ಎಂಬ ಪ್ರತಿಯೊಂದರಲ್ಲಿಯೂ ಒಂದು ನಂಬಿಕೆ ಇದೆ. ವಿಶ್ವಕೋಶಕ್ಕೆ ‘ನಿಧನರಾದರು’ ಸಾಕು. ಭಕ್ತರ ಭಾವನೆಗೆ ಇದರಿಂದ ನೋವಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ದಾರಿ ಏನೆಂದರೆ, ಭಾವನೆಯನ್ನು ಅದರ ಒಡೆಯರ ಹೆಸರಿನಲ್ಲಿ ದಾಖಲಿಸುವುದು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಲೇಖನದಲ್ಲಿ ‘ನಡೆದಾಡುವ ದೇವರು’ ಎಂದು ಲೇಖನವೇ ಕರೆದರೆ ಅದು ಭಕ್ತಿ, ‘ಭಕ್ತರು ಅವರನ್ನು ನಡೆದಾಡುವ ದೇವರು ಎಂದು ಕರೆಯುತ್ತಿದ್ದರು, 2019ರ ಜನವರಿ 21ರಂದು ನಿಧನರಾದರು’ ಎಂದರೆ ಅದು ಮಾಹಿತಿ. ಭಕ್ತರು ಕರೆಯುತ್ತಿದ್ದರು ಎಂಬುದು ನಿಜಸಂಗತಿಯೇ ಆದುದರಿಂದ ಅದು ಲೇಖನದಲ್ಲಿ ಇರಲೇಬೇಕು.

‘ಹೇಳಲಾಗುತ್ತದೆ’, ‘ಎಂಬ ಪ್ರತೀತಿ ಇದೆ’, ‘ಎನ್ನಲಾಗಿದೆ’ ಎಂಬ ರೂಪಗಳನ್ನು ಕಂಡಲ್ಲೆಲ್ಲ ನಿಲ್ಲಿ. ಯಾರು ಹೇಳುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಆ ಹೆಸರನ್ನು ಬರೆಯಿರಿ, ಸಿಗದಿದ್ದರೆ ವಾಕ್ಯವನ್ನು ತೆಗೆಯಿರಿ. ಹಾಗೆಯೇ ‘ಹೇಳಿದರು’ ಎಂಬ ಸರಳ ಕ್ರಿಯಾಪದವನ್ನು ಬಿಟ್ಟು ಒಬ್ಬರಿಗೆ ‘ಸ್ಪಷ್ಟಪಡಿಸಿದರು’, ಇನ್ನೊಬ್ಬರಿಗೆ ‘ಸಮಜಾಯಿಷಿ ನೀಡಿದರು’ ಎಂದು ಹಂಚಿದರೆ, ಮೊದಲನೆಯವರದು ಸತ್ಯ, ಎರಡನೆಯವರದು ನೆಪ ಎಂದು ನೀವೇ ತೀರ್ಪು ಕೊಟ್ಟಂತಾಗುತ್ತದೆ.

ನಾಲ್ಕನೆಯ ಹೆಜ್ಜೆ: ನಾಡಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ

ಕನ್ನಡದಲ್ಲಿ ಬರೆಯುವವರೂ ಓದುವವರೂ ಬಹುತೇಕ ಕನ್ನಡಿಗರೇ ಆಗಿರುವುದರಿಂದ ಕರ್ನಾಟಕದ ಹಿತಕ್ಕೆ ಸಂಬಂಧಿಸಿದ ಲೇಖನಗಳಲ್ಲಿ ಆಕ್ಷೇಪಿಸುವವರೇ ಇರುವುದಿಲ್ಲ. ಎಲ್ಲರೂ ಒಪ್ಪಿದ್ದಾರೆ ಎಂಬುದು ತಟಸ್ಥತೆಗೆ ಪ್ರಮಾಣವಲ್ಲ. ಕಾವೇರಿಯ ಲೇಖನದಲ್ಲಿ ಇಂತಹ ಒಂದು ವಾಕ್ಯ ಇದೆ ಎಂದುಕೊಳ್ಳಿ: ‘ತಮಿಳುನಾಡಿನ ಹಟಮಾರಿತನದಿಂದಾಗಿ ನಮ್ಮ ರೈತರಿಗೆ ಮೊದಲಿನಿಂದಲೂ ಅನ್ಯಾಯವಾಗುತ್ತಲೇ ಬಂದಿದೆ.’ ಮಂಡ್ಯದ ರೈತರೊಬ್ಬರು ಹೀಗೆ ಹೇಳಿದರೆ ಅವರ ನೋವು ನನಗೆ ಅರ್ಥವಾಗುತ್ತದೆ, ನನಗೂ ಹಾಗೆ ಅನಿಸಿದ ದಿನಗಳಿವೆ. ವಿಶ್ವಕೋಶ ಹೀಗೆ ಹೇಳಲಾಗದು.

ತಿದ್ದುವುದು ಹೇಗೆಂದರೆ, ಮೊದಲು ‘ನಮ್ಮ’ ಎಂಬುದನ್ನು ತೆಗೆದು ‘ಕರ್ನಾಟಕದ’ ಎಂದು ಬರೆಯಿರಿ. ಆ ಬಳಿಕ ತೀರ್ಪಿನ ಜಾಗದಲ್ಲಿ ಘಟನೆಗಳನ್ನು ಇಡಿ. 1892 ಮತ್ತು 1924ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಪ್ಪಂದಗಳಾದವು. 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನ್ಯಾಯಮಂಡಳಿಯನ್ನು ರಚಿಸಿತು. 1991ರ ಮಧ್ಯಂತರ ಆದೇಶದಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಸಬೇಕೆಂದು ನ್ಯಾಯಮಂಡಳಿ ಹೇಳಿತು. 2007ರ ಫೆಬ್ರವರಿ 5ರ ಅಂತಿಮ ತೀರ್ಪಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಅಡಿ ಹಂಚಿಕೆಯಾಯಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿಯಷ್ಟು ಹೆಚ್ಚಿಸಿ 284.75ಕ್ಕೆ ಏರಿಸಿತು, ತಮಿಳುನಾಡಿನ ಪಾಲು 404.25 ಆಯಿತು. ಇಷ್ಟಾದ ಮೇಲೆ ಎರಡೂ ರಾಜ್ಯಗಳ ವಾದಗಳನ್ನು ಸಮಾನ ಗಾಂಭೀರ್ಯದಿಂದ ಬರೆಯಬೇಕು: ಒಪ್ಪಂದಗಳು ಸಮಾನರ ನಡುವೆ ಆದವಲ್ಲ, 1924ರ ಒಪ್ಪಂದದ ಅವಧಿ 50 ವರ್ಷಕ್ಕೆ, ಅಂದರೆ 1974ಕ್ಕೆ ಮುಗಿಯಿತು ಎಂಬುದು ಕರ್ನಾಟಕದ ವಾದ, ಮುಖಜಭೂಮಿಯ ನೀರಾವರಿ ಶತಮಾನಗಳಷ್ಟು ಹಳೆಯದು, ಅದನ್ನು ನಂಬಿರುವ ರೈತರ ಹಕ್ಕು ಉಳಿಯಬೇಕು ಎಂಬುದು ತಮಿಳುನಾಡಿನ ವಾದ. ಹೀಗೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ತಂಜಾವೂರಿನ ಕನ್ನಡ ಬಲ್ಲ ಓದುಗರೊಬ್ಬರು ಈ ಪುಟವನ್ನು ಓದಿದರೆ, ಒಪ್ಪದಿದ್ದರೂ, ತಮ್ಮ ಮಾತನ್ನು ಸರಿಯಾಗಿ ಹೇಳಿದ್ದಾರೆ ಎನ್ನುವರೇ? ಹೌದೆಂದು ನಿಮಗೆ ಅನಿಸಿದರೆ ಲೇಖನ ಸರಿಯಾದ ಹಾದಿಯಲ್ಲಿದೆ.

ಬೆಳಗಾವಿಯ ಗಡಿ ವಿಷಯದಲ್ಲಿಯೂ ಇದೇ ಕ್ರಮ. 1967ರ ಮಹಾಜನ ವರದಿಯನ್ನು ಕನ್ನಡದ ಬರಹಗಳು ‘ಅಂತಿಮ’ ಎಂದು ಕರೆಯುತ್ತವೆ. ಆ ವರದಿ ಬೆಳಗಾವಿ ನಗರವನ್ನು ಕರ್ನಾಟಕದಲ್ಲಿಯೇ ಉಳಿಸಿತು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತು. ಅದೇ ವರದಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಹೇಳಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮಗೆ ಅನುಕೂಲವಾದ ಅರ್ಧವನ್ನಷ್ಟೇ ಬರೆಯುವುದು ಮರೆವಿನಿಂದಾದರೂ ಪಕ್ಷಪಾತವೇ.

ಹೆಮ್ಮೆಯ ಅಂಕಿಗಳನ್ನು ಇನ್ನೂ ಬಿಗಿಯಾಗಿ ಪರಿಶೀಲಿಸಬೇಕು. ಜ್ಞಾನಪೀಠ ಪ್ರಶಸ್ತಿ ಅತಿ ಹೆಚ್ಚು ಬಂದಿರುವುದು ಕನ್ನಡಕ್ಕೆ ಎಂಬ ವಾಕ್ಯ ಎಷ್ಟೋ ಕಡೆ ಕಾಣಸಿಗುತ್ತದೆ. 1967ರ ಪ್ರಶಸ್ತಿ ಪಡೆದ ಕುವೆಂಪು ಅವರಿಂದ 2010ರ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರವರೆಗೆ ಎಂಟು ಕನ್ನಡ ಲೇಖಕರಿಗೆ ಅದು ಬಂದಿದೆ. ಹಿಂದಿಗೆ ಇದಕ್ಕಿಂತ ಹೆಚ್ಚು ಬಂದಿವೆ. ಎಂಟು ಎಂದು ಬರೆದು ನಿಲ್ಲಿಸಿದರೆ ಕನ್ನಡದ ಗೌರವಕ್ಕೆ ಕೊರತೆಯಾಗುವುದಿಲ್ಲ. ಕಿತ್ತೂರು ಚೆನ್ನಮ್ಮನ ಲೇಖನದಲ್ಲಿ ‘ದೇಶದ ಮೊದಲ’ ಎಂಬ ಮಾತನ್ನು ಸೇರಿಸುವಾಗ, ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೆನ್ನಮ್ಮನಿಗಿಂತ ಎರಡು ಶತಮಾನಗಳಿಗೂ ಹಿಂದಿನವಳು ಎಂಬುದನ್ನು ನೆನೆಯಬೇಕು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಸೇನೆ ಕಂಪನಿಯ ಪಡೆಯನ್ನು ಸೋಲಿಸಿದ್ದು, ಕಲೆಕ್ಟರ್ ಥ್ಯಾಕರೆ ಸತ್ತದ್ದು ಇವನ್ನು ಬರೆದರೆ ಚೆನ್ನಮ್ಮನ ಧೈರ್ಯ ತಾನಾಗಿ ತಿಳಿಯುತ್ತದೆ. ಹಲ್ಮಿಡಿ ಶಾಸನದಲ್ಲಿ ವರ್ಷದ ನಮೂದಿಲ್ಲ, ಕ್ರಿ.ಶ. 450 ಎಂಬುದು ವಿದ್ವಾಂಸರು ಊಹಿಸಿ ಒಪ್ಪಿಕೊಂಡ ಸುಮಾರು ಕಾಲ. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಪುರಾತತ್ತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ. ‘ಅತ್ಯಂತ ಪ್ರಾಚೀನ ಕನ್ನಡ ಶಾಸನ’ ಎಂಬ ಪಟ್ಟವನ್ನು ನೀವು ಕೊಡುವ ಬದಲು ಎರಡನ್ನೂ, ಯಾರು ಯಾವ ಕಾಲ ಹೇಳಿದ್ದಾರೆ ಎಂಬುದರೊಂದಿಗೆ ಬರೆಯಿರಿ.

ಟಿಪ್ಪು ಸುಲ್ತಾನನ ಲೇಖನ ನಮ್ಮಲ್ಲಿ ಹೆಚ್ಚು ಜಗಳವಾಗುವ ಪುಟಗಳಲ್ಲೊಂದು. ಅಲ್ಲಿ ಕೆಲವರು ‘ಸಮತೋಲನ’ವನ್ನು ತಪ್ಪಾಗಿ ತಿಳಿದು, ಒಂದು ಒಳ್ಳೆಯ ಸಂಗತಿಗೆ ಒಂದು ಕೆಟ್ಟ ಸಂಗತಿಯನ್ನು ಜೋಡಿಸುತ್ತ ಹೋಗುತ್ತಾರೆ. 1791ರಲ್ಲಿ ಮರಾಠರ ಪಡೆ ಶೃಂಗೇರಿ ಮಠವನ್ನು ದೋಚಿದ ಮೇಲೆ ಟಿಪ್ಪು ಮಠಕ್ಕೆ ನೆರವು ನೀಡಿ ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. 1784ರಲ್ಲಿ ಮಂಗಳೂರಿನ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ ದಾಖಲಾಗಿದೆ, ಸೆರೆಯಾದವರ ಸಂಖ್ಯೆಯನ್ನು ಮಾತ್ರ ಬೇರೆ ಬೇರೆ ಆಕರಗಳು ಬೇರೆ ಬೇರೆಯಾಗಿ ಹೇಳುತ್ತವೆ. ಇವೆರಡೂ ಲೇಖನದಲ್ಲಿರಬೇಕು, ಆದರೆ ಒಂದನ್ನು ಇನ್ನೊಂದರಿಂದ ಅಳಿಸುವ ‘ಆದರೂ’, ‘ಹಾಗಿದ್ದರೂ’ ಎಂಬ ಜೋಡಣೆಗಳು ಬೇಡ. ಸಂಖ್ಯೆಗಳನ್ನು ಬರೆಯುವಾಗ ಪ್ರತಿ ಸಂಖ್ಯೆಯ ಜೊತೆಗೆ ಅದನ್ನು ಹೇಳಿದವರು ಯಾರು, ಅವರು ಯಾವ ಪಕ್ಷದಲ್ಲಿದ್ದವರು ಎಂಬುದೂ ಬರಲಿ. ಸರಾಸರಿ ತೆಗೆಯಬೇಡಿ.

ಬದುಕಿರುವವರ ಲೇಖನಗಳಿಗೆ ಒಂದೇ ಮಾತು: ಆಕರವಿಲ್ಲದ ಆರೋಪವನ್ನು ಚರ್ಚೆಗೆ ಕಾಯದೆ ತೆಗೆದುಹಾಕಿ. ಜಾತಿಯನ್ನು, ಆ ವ್ಯಕ್ತಿ ಸ್ವತಃ ಬಹಿರಂಗವಾಗಿ ಹೇಳಿಕೊಂಡಿದ್ದು ಲೇಖನದ ವಿಷಯಕ್ಕೆ ಅದು ಸಂಬಂಧಿಸಿದ್ದರೆ ಹೊರತು, ಬರೆಯಬೇಡಿ.

ಐದನೆಯ ಹೆಜ್ಜೆ: ಅನುವಾದದೊಂದಿಗೆ ಬರುವ ದೃಷ್ಟಿಯನ್ನು ಸೋಸಿ

ಕನ್ನಡ ವಿಕಿಪೀಡಿಯದಲ್ಲಿ ಇಂಗ್ಲಿಷಿನಿಂದ ಬಂದ ಲೇಖನಗಳು ಬಹಳ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯ ಯೋಜನೆಯೊಂದರಡಿ ಹಲವು ಭಾರತೀಯ ಭಾಷೆಗಳಿಗೆ ಬಂದಂತೆ ಕನ್ನಡಕ್ಕೂ ಉದ್ದುದ್ದ ಅನುವಾದಗಳು ಬಂದು ಸೇರಿದವು. ಅವುಗಳ ಭಾಷೆಯ ತೊಡಕಿನ ಬಗ್ಗೆ ನಾವೆಲ್ಲ ಮಾತನಾಡಿದ್ದೇವೆ, ದೃಷ್ಟಿಕೋನದ ಬಗ್ಗೆ ಮಾತನಾಡಿದ್ದು ಕಡಿಮೆ. ಅಮೆರಿಕದ ಓದುಗರಿಗಾಗಿ ಬರೆದ ಆಹಾರ, ಕಾನೂನು, ಆರೋಗ್ಯದ ಲೇಖನ ಕನ್ನಡಕ್ಕೆ ಬಂದಾಗ ಅಲ್ಲಿನ ಪರಿಸ್ಥಿತಿಯೇ ಜಗತ್ತಿನ ಪರಿಸ್ಥಿತಿ ಎಂಬಂತೆ ಓದಿಸಿಕೊಳ್ಳುತ್ತದೆ. ಅನುವಾದಿಸುವಾಗ ‘ಸರ್ಕಾರ’, ‘ನ್ಯಾಯಾಲಯ’, ‘ಜನರು’ ಎಂದು ಬಂದಲ್ಲೆಲ್ಲ ಯಾವ ದೇಶದ್ದು ಎಂದು ಸೇರಿಸಿ. 1857ರ ಘಟನೆಗೆ ‘ಸಿಪಾಯಿ ದಂಗೆ’ ಎಂಬ ಹೆಸರೂ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಎಂಬ ಹೆಸರೂ ಇವೆ. ಮೊದಲ ಪ್ಯಾರಾದಲ್ಲಿಯೇ ಎರಡನ್ನೂ ಕೊಟ್ಟು, ಯಾವುದನ್ನು ಯಾರು ಬಳಸುತ್ತಾರೆಂದು ತಿಳಿಸಿ.

ಆರನೆಯ ಹೆಜ್ಜೆ: ಉಳಿಸುವ ಮೊದಲು, ಉಳಿಸಿದ ಮೇಲೆ

ಕರಡನ್ನು ನಿಮ್ಮ ಖಾತೆಯ ಪ್ರಯೋಗಪುಟದಲ್ಲಿ, ಅಂದರೆ ಬರೆದು ನೋಡಲೆಂದೇ ಇರುವ ಪುಟದಲ್ಲಿ, ಇಟ್ಟು ಒಂದು ರಾತ್ರಿ ಬಿಡಿ. ಮರುದಿನ ಓದುವಾಗ ಪ್ರತಿ ಅಭಿಪ್ರಾಯಕ್ಕೆ ಎಷ್ಟು ಸಾಲು ಕೊಟ್ಟಿದ್ದೀರಿ ಎಂದು ನಿಜವಾಗಿಯೂ ಎಣಿಸಿ. ನಾನು ಎಂಟು ಪ್ಯಾರಾ ಮತ್ತು ಎರಡು ಸಾಲಿನ ಲೆಕ್ಕವನ್ನು ಆಗ ಎಣಿಸಿದ್ದರೆ ಸಾಕಾಗಿತ್ತು. ಬದಲಾವಣೆಯ ಸಾರಾಂಶದಲ್ಲಿ ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಒಂದು ಪ್ಯಾರಾವನ್ನೇ ತೆಗೆದು ‘ಕಾಗುಣಿತ ತಿದ್ದುಪಡಿ’ ಎಂದು ನಮೂದಿಸುವುದು ನಂಬಿಕೆಯನ್ನು ಕೆಡಿಸುತ್ತದೆ, ಮತ್ತು ಇತಿಹಾಸದ ಪುಟದಲ್ಲಿ ಅದು ಎಂದೆಂದಿಗೂ ಕಾಣುತ್ತಿರುತ್ತದೆ.

ನಿಮ್ಮ ಬದಲಾವಣೆಯನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ ತಕ್ಷಣ ಮತ್ತೆ ಹಾಕಬೇಡಿ. 24 ಗಂಟೆಗಳಲ್ಲಿ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಹಾಗೆ ಮಾಡಕೂಡದೆಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿಯಮವೇ ಇದೆ. ನಮ್ಮಂತಹ ಸಣ್ಣ ಬಳಗದಲ್ಲಿ ಎರಡನೆಯ ಸಲವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಜಗಳವಾಡಿ ಒಬ್ಬರು ಬಿಟ್ಟುಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಚರ್ಚೆ ಪುಟಕ್ಕೆ ಹೋಗಿ, ಎದುರಿನವರ ಆಸಕ್ತಿ ಏನೆಂದು ಅವರ ಸದಸ್ಯ ಪುಟದಲ್ಲಿ ಓದಿ, ವ್ಯಕ್ತಿಯ ಬಗ್ಗೆ ಮಾತನಾಡದೆ ವಾಕ್ಯದ ಬಗ್ಗೆ ಮಾತನಾಡಿ: ಯಾವ ಪದ ಒಪ್ಪಿಗೆಯಾಗಲಿಲ್ಲ, ಯಾವ ಆಕರ ಸಾಲದು, ಬೇರೆ ಯಾವ ಆಕರವಿದೆ. ಇಬ್ಬರಲ್ಲಿ ಒಮ್ಮತ ಮೂಡದಿದ್ದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ‘ಅರಳಿ ಕಟ್ಟೆ’ಯಲ್ಲಿ ವಿಷಯ ಮುಂದಿಟ್ಟು, ಮೂರನೆಯವರ ಅಭಿಪ್ರಾಯಕ್ಕೆ ವಾರವಾದರೂ ಕಾಯಿರಿ. ಕಾಯುವಷ್ಟು ದಿನ ಲೇಖನ ನಿಮಗೆ ಒಪ್ಪಿಗೆಯಾಗದ ರೂಪದಲ್ಲಿಯೇ ಇರಬಹುದು, ಅದನ್ನು ಸಹಿಸಬೇಕಾಗುತ್ತದೆ.

ಯಕ್ಷಗಾನದ ಆ ಲೇಖನವನ್ನು ಪುತ್ತೂರಿನ ಆ ಸಂಪಾದಕರೂ ನಾನೂ ಒಂದು ಒಪ್ಪಂದದ ಮೇಲೆ ತಿದ್ದಿದೆವು. ತೆಂಕುತಿಟ್ಟಿನ ಚೆಂಡೆ, ಕಿರೀಟ, ಕುಣಿತದ ಭಾಗಕ್ಕೆ ಪುಸ್ತಕಗಳನ್ನು ಹುಡುಕಿ ಮೊದಲ ಕರಡು ಬರೆಯುವ ಹೊಣೆ ನನ್ನದಾಯಿತು, ಬಡಗುತಿಟ್ಟಿನ ಭಾಗವನ್ನು ಕತ್ತರಿಸುವ ಹೊಣೆ ಅವರದಾಯಿತು. ಅವರು ಮೂರು ಪ್ಯಾರಾಗಳನ್ನು ತೆಗೆದರು. ಅದರಲ್ಲಿ ಒಂದನ್ನು ಹಿಂದಕ್ಕೆ ತರುವಂತೆ ಚರ್ಚೆ ಪುಟದಲ್ಲಿ ಕೇಳಿದೆ, ಆಕರ ಕೊಟ್ಟ ಮೇಲೆ ಅವರೇ ಅದನ್ನು ಮರಳಿ ಸೇರಿಸಿದರು. ಬಯಲುಸೀಮೆಯ ಯಕ್ಷಗಾನ ಪ್ರಕಾರವಾದ ಮೂಡಲಪಾಯದ ಬಗ್ಗೆ ಆ ಲೇಖನದಲ್ಲಿ ಈಗಲೂ ಒಂದೇ ಸಾಲಿದೆ. ಅದನ್ನು ಬಲ್ಲವರು, ಅದರ ಅಭಿಮಾನಿಗಳು, ಬಂದು ಬರೆಯಬೇಕೆಂದು ನಾವಿಬ್ಬರೂ ಅಲ್ಲಿ ಕೋರಿಕೆ ಹಾಕಿ ಕಾಯುತ್ತಿದ್ದೇವೆ.